ಪದಚರ್ಚೆ: ‘ಮೈಕ್ರೋಕ್ರೆಡೆನ್ಶಿಯಲ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ (ಮಾಟುಂಗದಿಂದ): ಸಂಘದ ಗ್ರಂಥಾಲಯದಲ್ಲಿ ಕೆಲಸ ಕಲಿಯುವ ವಿದ್ಯಾರ್ಥಿಗಳಿಗೆ ಕಾಲೇಜು ‘ಮೈಕ್ರೋಕ್ರೆಡೆನ್ಶಿಯಲ್’, ಅಂದರೆ ಕಲಿಕೆಯ ಒಂದು ಸಣ್ಣ ತುಣುಕನ್ನು ಪರೀಕ್ಷಿಸಿ ನೋಡಿ ಕೊಡುವ ಪತ್ರ, ಕೊಡಲಿದೆ. ಅದರ ಮಾಹಿತಿಪತ್ರದಲ್ಲಿ ಇದನ್ನು ‘ಸೂಕ್ಷ್ಮ ಅರ್ಹತೆ’ ಎಂದೂ, ಕಲಿಕೆಯ ಗಂಟೆಗಳನ್ನು ಅಳೆಯುವ ‘ಕ್ರೆಡಿಟ್’ ಅನ್ನು ಮರಾಠಿ ಸುತ್ತೋಲೆಯಲ್ಲಿರುವಂತೆ ‘ಶ್ರೇಯಾಂಕ’ ಎಂದೂ ಬರೆದಿದ್ದೇವೆ. ಸರಿಯೇ?

ಉತ್ತರ (ಪುಣೆಯಿಂದ): ಮೊದಲು ‘ಶ್ರೇಯಾಂಕ’ವನ್ನು ತೆಗೆದುಬಿಡಿ. ಮರಾಠಿಯಲ್ಲಿ ಅದು ಕ್ರೆಡಿಟ್ ಎಂಬ ಅರ್ಥದಲ್ಲಿ ನೆಲೆಯೂರಿದೆ, ನಿಜ. ಆದರೆ ಕನ್ನಡ ಪತ್ರಿಕೆಯ ಕ್ರೀಡಾಪುಟ ಓದುವವರಿಗೆ ಶ್ರೇಯಾಂಕವೆಂದರೆ ಟೆನಿಸ್ ಆಟಗಾರರ ಸ್ಥಾನ. ‘2ನೇ ಶ್ರೇಯಾಂಕ’ ಅವರಿಗೆ ಗೊತ್ತು, ‘2 ಶ್ರೇಯಾಂಕ’ ಗೊತ್ತಿಲ್ಲ. ಕ್ರೆಡಿಟ್ ಎಂದೇ ಬರೆಯಿರಿ, ಕ್ರಿಯಾಪದ ಮಾತ್ರ ನಮ್ಮದಿರಲಿ: ‘ಕ್ರೆಡಿಟ್ ಜಮೆಯಾಗುತ್ತದೆ’. ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಕೂಡಿಡುವ ವ್ಯವಸ್ಥೆಯಾದ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ನಿಯಮ ರೂಪಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಹೆಸರಲ್ಲೇ ಬ್ಯಾಂಕು ಇದೆ, ಜಮೆ ತಾನಾಗಿ ಹೊಂದುತ್ತದೆ. ‘ಸಾಲ’ ಮಾತ್ರ ಬೇಡ. ತಂದೆತಾಯಿ ಶಿಕ್ಷಣ ಸಾಲವೆಂದು ಗಾಬರಿಯಾದಾರು.

ಇನ್ನು ‘ಸೂಕ್ಷ್ಮ’. ಸೂಕ್ಷ್ಮ ವಿಷಯ, ಸೂಕ್ಷ್ಮ ಮತಗಟ್ಟೆ ಎಂದೆಲ್ಲ ಬಳಸಿ ಬಳಸಿ ಅದಕ್ಕೆ ‘ಎಚ್ಚರದಿಂದ ಮುಟ್ಟಬೇಕಾದದ್ದು’ ಎಂಬ ಛಾಯೆ ಹತ್ತಿಬಿಟ್ಟಿದೆ. ಅರ್ಹತೆ ಎಂದರೆ ಪ್ರವೇಶಕ್ಕೋ ಹುದ್ದೆಗೋ ಬೇಕಾದ ಯೋಗ್ಯತೆ. ಕಲಿತದ್ದಕ್ಕೆ ಸಿಗುವ ಪತ್ರವಲ್ಲ. ‘ಕಿರು ಪ್ರಮಾಣಪತ್ರ’ ಕಿವಿಗೆ ಹಿತ, ಆದರೆ ಇಲ್ಲಿ ಕಿರಿದಾದದ್ದು ಪತ್ರವಲ್ಲ, ಕಲಿಕೆಯ ತುಣುಕು. ನನ್ನ ಮತ ‘ಕಿರುಕಲಿಕೆಯ ಪ್ರಮಾಣಪತ್ರ’ಕ್ಕೆ. ನಡುವೆ ಷಷ್ಠಿ ಇರುವುದರಿಂದ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸವೆಂಬ ತಕರಾರೂ ಏಳುವುದಿಲ್ಲ.

ಪದಕ್ಕಿಂತ ಹೆಚ್ಚು ಎಡವುವುದು ಅರ್ಥದಲ್ಲಿ. ಎರಡು ದಿನದ ಕಾರ್ಯಾಗಾರದಲ್ಲಿ ಕೂತೆದ್ದವರಿಗೆ ಕೊಡುವುದು ಭಾಗವಹಿಸಿದ ಪತ್ರ, ಅಷ್ಟೆ. ಕಿರುಕಲಿಕೆಯ ಪ್ರಮಾಣಪತ್ರಕ್ಕೆ ಪರೀಕ್ಷಿಸಿ ನೋಡಿದ ಆಧಾರ ಬೇಕು; ಯುನೆಸ್ಕೊ 2022ರಲ್ಲಿ ಮುಂದಿಟ್ಟ ವ್ಯಾಖ್ಯೆಯಲ್ಲೂ ಮೌಲ್ಯಮಾಪನ ಸೇರಿದೆ. ನಿಮ್ಮ ಗ್ರಂಥಾಲಯವನ್ನೇ ನೋಡಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆಗೆ 1 ಕ್ರೆಡಿಟ್, 60 ಗಂಟೆಗೆ 2. ಆದರೆ ‘60 ಗಂಟೆ ಸೇವೆ ಸಲ್ಲಿಸಿದ್ದಾರೆ’ ಎಂದು ಬರೆದರೆ ಕಲಿತದ್ದೇನು ಎಂಬುದೇ ತಿಳಿಯದು. ‘ಕನ್ನಡ ಪುಸ್ತಕಗಳನ್ನು ವಿಷಯವಾರು ವಿಂಗಡಿಸಿ ಸೂಚಿ ತಯಾರಿಸಬಲ್ಲರು, ಅವರು ಮಾಡಿದ 100 ನಮೂದುಗಳಲ್ಲಿ 20ನ್ನು ಕಾಲೇಜಿನ ಗ್ರಂಥಪಾಲಕರು ತಾಳೆ ನೋಡಿದ್ದಾರೆ’ ಎಂದಿರಲಿ. ಯಾವ ಮಟ್ಟದ ಕಲಿಕೆ, ಎಷ್ಟು ಗಂಟೆ ಎಂಬುದೂ ಬೇಕು. ಇವಿಲ್ಲದ ಪತ್ರವನ್ನು ಇನ್ನೊಂದು ವಿಶ್ವವಿದ್ಯಾಲಯ ಯಾವುದಕ್ಕೆಂದು ಸರಿದೂಗಿಸೀತು? ಗಂಟೆಗಳ ದಾಖಲೆ ಮೊದಲ ದಿನದಿಂದಲೇ ಸಹಿಯೊಡನೆ ಇರಬೇಕು. ಕೊನೆಯ ವಾರ ನೆನಪಿನಿಂದ ತುಂಬಿದ್ದು ಹಾಜರಿಯೊಂದಿಗೆ ಹೊಂದುವುದಿಲ್ಲ.

‘ಸಂಘ ಕ್ರೆಡಿಟ್ ನೀಡುತ್ತದೆ’ ಎಂಬ ವಾಕ್ಯವಿದ್ದರೆ ತಿದ್ದಿ. ಸಂಘ ಕಲಿಸುತ್ತದೆ; ಕ್ರೆಡಿಟ್ ಜಮೆ ಮಾಡುವುದು ನೋಂದಾಯಿತ ಶಿಕ್ಷಣ ಸಂಸ್ಥೆ. ಕೆಲಸ ಶುರುವಾಗುವ ಮುಂಚೆಯೇ ಕಾಲೇಜಿನ ಒಪ್ಪಿಗೆ ಬರಹದಲ್ಲಿರಲಿ.

ಇನ್ನೆರಡು ಮಾತು (ವಾಸ್ಕೋದಿಂದ): ‘ಪಠ್ಯೇತರ ಕಲಿಕೆ’ ಎಂದು ದಯವಿಟ್ಟು ಬರೆಯಬೇಡಿ. ಆ ಪದ ಕೇಳಿದೊಡನೆ ನಾಟಕ, ನೃತ್ಯ, ಓಟದ ಸ್ಪರ್ಧೆ ಕಣ್ಣೆದುರು ಬರುತ್ತವೆ. ಇಂಟರ್ನ್‌ಶಿಪ್ ಪಠ್ಯಕ್ರಮದ ಒಳಗೇ ಇದೆ, ತರಗತಿಯ ಹೊರಗಿದೆ. ‘ತರಗತಿಯಾಚೆಯ ಕಲಿಕೆ’ ಎಂದರೆ ಎರಡೂ ಅಡಗುತ್ತವೆ. ಹಾಗೆಯೇ ‘ಮನ್ನಣೆ’ ಗೌರವದ ಮಾತು, ಸನ್ಮಾನಕ್ಕೆ ಸಲ್ಲುತ್ತದೆ. ಕಡತದಲ್ಲಿ ನಿಲ್ಲುವುದು ‘ಮಾನ್ಯತೆ’.

ಪತ್ರದ ಮೇಲಿನ ಹೆಸರಿಗೂ ಗಮನ ಕೊಡಿ. ಕರ್ನಾಟಕದ ಶಾಲೆಯ ದಾಖಲೆಯಲ್ಲಿ ಇನಿಷಿಯಲ್ಲು, ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು. ಹೀಗೆ ಒಬ್ಬಳೇ ಹುಡುಗಿ ಎರಡು ಹೆಸರಿನವಳಾದರೆ ಕ್ರೆಡಿಟ್ ಅವಳ 12 ಅಂಕಿಯ ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆಗೆ ಹೊಂದದೆ ತೂಗಾಡುತ್ತದೆ. ಆಧಾರ್‌ನಲ್ಲಿರುವ ಅಕ್ಷರಗಳನ್ನೇ, ಅದೇ ಕ್ರಮದಲ್ಲಿ ಬರೆಯಿಸಿ.