‘ಅಧಿಸೂಚಿತ ರೋಗ’: ಯಾರು ಯಾರಿಗೆ ತಿಳಿಸಬೇಕು?

ಬಳಗದವರಿಗೆ ನಮಸ್ಕಾರ.

ಸಕಲೇಶಪುರದ ಹತ್ತಿರ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಒಂದು ಬೋರ್ಡು ಬರೆದುಕೊಡಿ ಎಂದು ಆಶಾ ಕಾರ್ಯಕರ್ತೆ ಕೇಳಿದರು. ‘ಹಾವು ಕಡಿತ ಅಧಿಸೂಚಿತ ರೋಗ’ ಎಂಬ ಸಾಲು ಇರಬೇಕಂತೆ. ಕರ್ನಾಟಕ 2024ರಲ್ಲಿ ಹಾಗೆ ಸಾರಿದ್ದು ನಿಜ. ಬರೆದು ಒಣಗಲು ಇಟ್ಟಿದ್ದೆ. ತೋಟದ ಕೆಲಸಕ್ಕೆ ಹೊರಟಿದ್ದ ಒಬ್ಬರು ನಿಂತು ಓದಿದರು. “ಹಾವು ಕಚ್ಚೋದು ಯಾವಾಗ ರೋಗ ಆಯ್ತು ಮೇಷ್ಟ್ರೇ? ಅಂಟುಜಾಡ್ಯನಾ?” ಉತ್ತರ ಹೇಳಲು ಹೋಗಿ ನಾನೇ ತಡವರಿಸಿದೆ.

‘ರೋಗ’ವನ್ನು ಬಿಡಿ. ನನ್ನ ತಕರಾರು ‘ಅಧಿಸೂಚಿತ’ದ ಮೇಲೆ. ಅಧಿಸೂಚನೆ ಅಂದರೆ ಸರ್ಕಾರ ಗೆಜೆಟ್ಟಿನಲ್ಲಿ ಹೊರಡಿಸುವ ಪ್ರಕಟಣೆ. ರಸ್ತೆಗೆ ಜಮೀನು ಹೋಗುವಾಗ, ಚುನಾವಣೆ ಬಂದಾಗ ನಾವು ಕೇಳುವ ಮಾತು. ಅಲ್ಲಿ ಸುದ್ದಿ ಮೇಲಿನಿಂದ ಕೆಳಗೆ ಬರುತ್ತದೆ. ಇಲ್ಲಿ ಕೆಳಗಿನಿಂದ ಮೇಲೆ ಹೋಗಬೇಕು. ಹಾವು ಕಚ್ಚಿದವರು ಬಂದರೆ ಆಸ್ಪತ್ರೆಯವರು, ಖಾಸಗಿಯಾದರೂ ಸರಿ, ಸರ್ಕಾರಕ್ಕೆ ತಿಳಿಸಲೇಬೇಕು. ಕ್ಷಯಕ್ಕೆ 2012ರಿಂದಲೇ ಈ ನಿಯಮ ಇದೆ. ಎಲ್ಲಿ ಎಷ್ಟು ಜನಕ್ಕೆ ಕಚ್ಚಿತು ಅಂತ ಗೊತ್ತಾದರೆ ತಾನೇ, ಯಾವ ತಾಲ್ಲೂಕಿಗೆ ಎಷ್ಟು ಇಂಜೆಕ್ಷನ್ ಕಳಿಸಬೇಕು ಅಂತ ಲೆಕ್ಕ ಹಾಕುವುದು? ಆ ‘ಲೇಬೇಕು’ ಈ ಪದದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ನೋಟಿಫೈಡ್ (ಸರ್ಕಾರ ಸಾರಿದ್ದು) ಬೇರೆ, ನೋಟಿಫಯಬಲ್ (ಸರ್ಕಾರಕ್ಕೆ ತಿಳಿಸಲೇಬೇಕಾದದ್ದು) ಬೇರೆ. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇವೆ. 2025ರ ಜುಲೈನಲ್ಲಿ, ಹಾಸನದಲ್ಲಿ ಹೃದಯಾಘಾತದಿಂದ ಸಾಲುಸಾಲು ಸಾವುಗಳಾಗುತ್ತಿವೆ ಎಂಬ ಗಲಾಟೆ ಜೋರಾಗಿದ್ದಾಗ, ಹಠಾತ್ ಸಾವನ್ನೂ ಅಧಿಸೂಚಿತ ಕಾಯಿಲೆ ಮಾಡುತ್ತೇವೆ ಎಂದು ಆರೋಗ್ಯ ಸಚಿವರು ಹೇಳಿದರು. ಇಲ್ಲಿನ ಹೋಟೆಲಿನಲ್ಲಿ ಅದು ‘ಸತ್ತವರ ಹೆಸರು ಗೆಜೆಟ್ಟಲ್ಲಿ ಹಾಕ್ತಾರಂತೆ’ ಅಂತ ಆಯಿತು. ನಗು ಬಂತು, ಆದರೆ ಪದ ಹಿಡಿದು ಹೋದರೆ ಸಿಗುವ ಅರ್ಥ ಅದೇ ಅಲ್ವಾ?

‘ಘೋಷಿತ ಕಾಯಿಲೆ’ ಎಂದರೂ ತೊಂದರೆ ಹೋಗದು. ‘ವರದಿ ಕಡ್ಡಾಯ’ ಕಚೇರಿಗೆ ಆದೀತು. ನಮ್ಮ ನರ್ಸಮ್ಮ “ಎಂಟ್ರಿ ಹಾಕಿದ್ರಾ?” ಅಂತ ಕೇಳುತ್ತಾರೆ, ಅದರಷ್ಟು ನೇರವಾದದ್ದು ನನಗೆ ಹೊಳೆದಿಲ್ಲ. ‘ತಿಳಿಸಲೇಬೇಕಾದ ಕಾಯಿಲೆ’ ಉದ್ದವಾಯಿತು, ಆದರೂ ನನ್ನ ಮತ ಅದಕ್ಕೇ. ‘ಕಾಯಿಲೆ’ ಬೇಕೆಂದೇ ಹಾಕಿದೆ. ನಮ್ಮ ಕಡೆ ಅಡಿಕೆಗೆ ಬರುವುದು ಕೊಳೆರೋಗ, ಮನುಷ್ಯರಿಗೆ ಬರುವುದು ಮಂಗನ ಕಾಯಿಲೆ.

ಇನ್ನೂ ಒಂದು ದಾರಿ ಇದೆ. ಹೆಸರೇ ಬೇಡ, ವಾಕ್ಯ ಬರೆಯುವುದು: ‘ಹಾವು ಕಚ್ಚಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಆಸ್ಪತ್ರೆಯವರು ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು.’ ಬೋರ್ಡಿಗೆ ಇದು ಸಾಕು. ಆದರೆ ಆದೇಶಕ್ಕೆ, ಪೇಪರಿನ ತಲೆಬರಹಕ್ಕೆ ಒಂದು ಪದ ಬೇಕೇ ಬೇಕು.

ಧಾರವಾಡ, ಮಂಗಳೂರು ಕಡೆಯ ಆಸ್ಪತ್ರೆಗಳಲ್ಲಿ ಏನು ಬರೆಯುತ್ತಾರೆ? ಗೊತ್ತಿದ್ದವರು ಹೇಳಿ. ‘ಅಧಿಸೂಚಿತ ರೋಗ’ವನ್ನು ಸೀಮೆಎಣ್ಣೆ ಹಾಕಿ ಒರೆಸಿದ್ದೇನೆ. ಸದ್ಯ ಬೋರ್ಡಿನಲ್ಲಿ ‘ಹಾವು ಕಡಿತ’ ಅಂತಷ್ಟೇ ಇದೆ.