ಸಹಾಯ ಬೇಕು: 1956ರ ಡಾನ್ ಲಾರ್ಸನ್ ಬೇಸ್‌ಬಾಲ್ ಪಂದ್ಯದ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ), ಅಸಿಸ್ಟ್ (ಔಟ್‌ಗೆ ನೆರವಾದ ಎಸೆತ) ಕಾಲಂ ತಾಳೆ ಆಗ್ತಿಲ್ಲ

ಪಂದ್ಯ: ಅಕ್ಟೋಬರ್ 8, 1956, ವರ್ಲ್ಡ್ ಸೀರೀಸ್ 5ನೇ ಪಂದ್ಯ. ಯಾಂಕೀಸ್ 2, ಬ್ರೂಕ್ಲಿನ್ ಡಾಡ್ಜರ್ಸ್ 0. ಯಾಂಕೀಸ್ ಪಿಚರ್ ಲಾರ್ಸನ್ ಎದುರು ಡಾಡ್ಜರ್ಸ್‌ನ 27 ಬ್ಯಾಟಿಂಗ್ ಸರದಿಯೂ ಔಟ್, ಹಾಗಾಗಿ ಡಾಡ್ಜರ್ಸ್ ಬ್ಯಾಟಿಂಗ್ ಲೆಕ್ಕ ಒಂದೇ ಸಾಲಿನದು.

ಯಾಂಕೀಸ್ ಬ್ಯಾಟಿಂಗೂ ಸರಿಹೋಗಿದೆ. ಅಟ್‌ಬ್ಯಾಟ್ 26, ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗುವ ಬೇಸ್) 2, ಲಾರ್ಸನ್‌ನ ಸ್ಯಾಕ್ರಿಫೈಸ್ ಬಂಟ್ (ತಾನು ಔಟಾಗಿ ಓಟಗಾರನನ್ನು ಮುಂದೆ ಕಳಿಸುವ ಮೆಲು ಹೊಡೆತ; ಇವೆರಡೂ ಅಟ್‌ಬ್ಯಾಟ್‌ಗೆ ಸೇರಲ್ಲ) 1, ಒಟ್ಟು 29. ಎದುರಿಗೆ ರನ್ 2, ಬೇಸ್ ಮೇಲೆ ಉಳಿದವರು 3, ಡಾಡ್ಜರ್ಸ್ ಪುಟ್‌ಔಟ್ (ಔಟ್ ಪೂರ್ತಿ ಮಾಡಿದ ಫೀಲ್ಡರ್‌ಗೆ ಸಿಗುವ ಲೆಕ್ಕ) 24, ಅದೂ 29. (ಪುಟ್‌ಔಟ್ 27 ಅಂತ ಹಾಕಿದರೆ ಲೆಕ್ಕ ಕೂಡಲ್ಲ. ಮುಂದಿದ್ದ ಆತಿಥೇಯರು 9ನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿಯುವುದೇ ಇಲ್ಲ.)

ತೊಡಕಿರೋದು 6ನೇ ಇನಿಂಗ್ಸ್‌ನ ಡಬಲ್ ಪ್ಲೇಯಲ್ಲಿ (ಒಂದೇ ಹೊಡೆತಕ್ಕೆ ಇಬ್ಬರು ಔಟ್). ಮ್ಯಾಂಟಲ್ ಹೊಡೆದ ಚೆಂಡನ್ನು ಹಾಜಸ್ ಹಿಡಿದು ಫಸ್ಟ್ ಬೇಸ್ ತುಳಿದು ಹೋಮ್‌ಗೆ ಎಸೆದ. ಮೂರನೇ ಬೇಸಿನಿಂದ ಓಡಿದ ಬಾವರ್ ನಡುವೆ ಸಿಕ್ಕಿಬಿದ್ದ: ಕ್ಯಾಂಪನೆಲ್ಲಾ, ರಾಬಿನ್ಸನ್, ಮತ್ತೆ ಕ್ಯಾಂಪನೆಲ್ಲಾ, ಕೊನೆಗೆ ರಾಬಿನ್ಸನ್ ಕೈಯಲ್ಲಿ ಔಟ್. ಸ್ಕೋರ್‌ಶೀಟಿನಲ್ಲಿ 3-2-5-2-5 (ಫೀಲ್ಡರ್ ಸ್ಥಾನದ ಅಂಕಿ: 3 ಫಸ್ಟ್ ಬೇಸ್‌ನ ಹಾಜಸ್, 2 ಕ್ಯಾಚರ್ ಕ್ಯಾಂಪನೆಲ್ಲಾ, 5 ಥರ್ಡ್ ಬೇಸ್‌ನ ರಾಬಿನ್ಸನ್). ನನ್ನ ಎಕ್ಸೆಲ್ ಫಾರ್ಮುಲಾ ಪ್ರತಿ ಅಡ್ಡಗೆರೆಗೂ ಒಂದು ಅಸಿಸ್ಟ್ ಎಣಿಸಿ ಕ್ಯಾಂಪನೆಲ್ಲಾಗೆ 2 ಕೊಡ್ತಿದೆ. ಆದರೆ ನಿಯಮದ ಪ್ರಕಾರ ರನ್‌ಡೌನ್‌ನಲ್ಲಿ (ಹೀಗೆ ನಡುವೆ ಸಿಕ್ಕವನನ್ನು ಅಟ್ಟಾಡಿಸಿ ಔಟ್ ಮಾಡುವಾಗ) ಎಷ್ಟು ಸಲ ಎಸೆದರೂ ಒಬ್ಬನಿಗೆ ಒಂದೇ ಅಸಿಸ್ಟ್. ರಾಬಿನ್ಸನ್‌ಗೆ ಒಂದು ಅಸಿಸ್ಟ್, ಜೊತೆಗೆ ಪುಟ್‌ಔಟ್.

ಎರಡು ಸಹಾಯ:

1. ಒಂದೇ ಔಟ್‌ನಲ್ಲಿ ಮರುಕಳಿಸುವ ಅಂಕಿಯನ್ನು ಒಮ್ಮೆ ಮಾತ್ರ ಎಣಿಸುವ, ಆದರೆ ಕೊನೆಯ ಅಂಕಿಯನ್ನು ಪುಟ್‌ಔಟ್‌ಗೂ ಹಾಕುವ ಫಾರ್ಮುಲಾ.

2. ಅಂದಿನ ಪತ್ರಿಕೆಯ ಸ್ಪಷ್ಟ ಪ್ರತಿ ಇದ್ದವರು ಕ್ಯಾಂಪನೆಲ್ಲಾ, ರಾಬಿನ್ಸನ್ ಇಬ್ಬರ ಸಾಲಿನ ಪುಟ್‌ಔಟ್, ಅಸಿಸ್ಟ್ ಓದಿ ಹೇಳಿ. ನನ್ನ ಸ್ಕ್ಯಾನ್‌ನಲ್ಲಿ 3, 8 ಎರಡೂ ಒಂದೇ ಥರ ಕಾಣ್ತವೆ.

ಈಗಿನ ವೆಬ್‌ಸೈಟ್ ಅಂಕಿ ಬೇಡ, ಅಚ್ಚಾದದ್ದೇ ಬೇಕು.