ಶುಗರ್ ಜೊತೆ ಬಿಪಿಯೂ ಇರುವವರಲ್ಲಿ ಮಾತ್ರೆ ಸೇರಿಸುವ ಮುಂಚೆ ಏನೇನು ನೋಡುತ್ತೀರಿ?

ಕೇಳಿದವರು: ದೀರ್ಘಕಾಲದ ಕಾಯಿಲೆಗಳ ಓಪಿಡಿ ಈಗ ನನ್ನ ಪಾಲಿಗೆ ಬಂದಿದೆ. ಬರುವವರಲ್ಲಿ ಹೆಚ್ಚಿನವರಿಗೆ ಶುಗರ್, ಬಿಪಿ ಎರಡೂ ಇದೆ. ಬಿಪಿ 150ರ ಆಸುಪಾಸು, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8ರ ಮೇಲೆ, ಮಾತ್ರೆ ಆಗಲೇ ಐದಾರು. ಇನ್ನೊಂದು ಬರೆಯುವ ಮುಂಚೆ ಏನು ನೋಡಬೇಕು, ವಯಸ್ಸಾದವರಲ್ಲಿ ಎಷ್ಟಕ್ಕೆ ನಿಲ್ಲಿಸಬೇಕು? ದಿನಾ ಇಂಥವರನ್ನು ನೋಡುವವರು ದಯವಿಟ್ಟು ಹೇಳಿ.

ಫಿಸಿಷಿಯನ್: ಮೊದಲು ಆ 150 ನಿಜವಾ ಅಂತ ನೋಡಿ ಡಾಕ್ಟ್ರೇ. ಮೆಟ್ಟಿಲು ಹತ್ತಿ ಬಂದು ಕೂತ ತಕ್ಷಣ ನೋಡಿದ ಬಿಪಿಗೆ ಮಾತ್ರೆ ಬರೆಯಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು, ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಸಿಗರೇಟು ಆಗಿರಬಾರದು. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂತಿರಬೇಕು. ತೋಳು ಹೃದಯದ ಮಟ್ಟದಲ್ಲಿರಲಿ. ಹೆಚ್ಚು ಎಡವುವುದು ಕಫ್, ಅಂದರೆ ತೋಳಿಗೆ ಸುತ್ತುವ ಪಟ್ಟಿಯ ವಿಷಯದಲ್ಲಿ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಿ ಬರಬೇಕು. ದಪ್ಪ ತೋಳಿಗೆ ಮಾಮೂಲಿ ಕಫ್ ಹಾಕಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಓಪಿಡಿಯಲ್ಲಿ ದೊಡ್ಡ ಕಫ್ ಇಲ್ಲದಿದ್ದರೆ ಮೊದಲು ಅದನ್ನು ತರಿಸಿ.

ಮನೆಯಲ್ಲಿ ಮಿಷನ್ ಇದ್ದವರಿಗೆ ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, 7 ದಿನ ಬರೆದಿಡಲು ಹೇಳಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ 135/85 ಅಂದರೆ ಓಪಿಡಿಯ 140/90 ಇದ್ದ ಹಾಗೆ.

ಇನ್ನೊಂದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು: ನಿಲ್ಲಿಸಿ ಬಿಪಿ ನೋಡುವುದು. 5 ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ, ರಕ್ತನಾಳ ಬಿಗಿಹಿಡಿಯುವ ನರಗಳಿಗೂ ಶುಗರ್ ತಟ್ಟಿರಬಹುದು. ಕೂತಾಗ 150 ಇದ್ದವರು ನಿಂತಾಗ 115 ಆಗಿದ್ದರೆ, ನೀವು ಸೇರಿಸುವ ಮಾತ್ರೆ ಅವರನ್ನು ಬಚ್ಚಲಲ್ಲಿ ಬೀಳಿಸುತ್ತದೆ. ಅಂಥವರಲ್ಲಿ ನೀರಿಳಿಸುವ ಮಾತ್ರೆ, ಪ್ರೊಸ್ಟೇಟ್‌ಗೆ ಕೊಟ್ಟ ಟ್ಯಾಮ್ಸುಲೋಸಿನ್, ಬಿಪಿಗೆ ಕೊಟ್ಟ ಪ್ರಜೋಸಿನ್ ಇವೆಯಾ ಅಂತ ಹಳೇ ಚೀಟಿಯಲ್ಲಿ ಹುಡುಕಿ.

ಕಿಡ್ನಿ ವಿಭಾಗದಿಂದ: ಮೇಡಂ ಹೇಳಿದ್ದು ಪೂರ್ತಿ ಸರಿ. ನನ್ನ ಮಟ್ಟಿಗೆ ಎರಡೂ ಕಾಯಿಲೆ ಸೇರಿ ಏಟು ಕೊಡುವ ಜಾಗ ಕಿಡ್ನಿ. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) ಒಂದನ್ನೇ ನಂಬಿ ಕೂರಬೇಡಿ. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಲೆಕ್ಕ ಹಾಕಿ, ಮೂತ್ರದಲ್ಲಿ ಹೋಗುವ ಪ್ರೋಟೀನ್ ತೋರಿಸುವ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿ.ಗ್ರಾಂ ದಾಟಿದರೆ ಹಾನಿ ಶುರುವಾಗಿದೆ ಅಂತ ಅನುಮಾನಿಸಿ. ಆದರೆ ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಜೋರು ವ್ಯಾಯಾಮ ಇವೆಲ್ಲ ಸುಳ್ಳು ಏರಿಕೆ ತೋರಿಸುತ್ತವೆ. 3ರಿಂದ 6 ತಿಂಗಳಲ್ಲಿ ಮೂರು ಸಲ ಮಾಡಿಸಿ ಎರಡರಲ್ಲಿ ಜಾಸ್ತಿ ಬಂದರೆ ಖಚಿತ.

ಅಲ್ಬುಮಿನ್ ಹೋಗುತ್ತಿದ್ದರೆ ಬಿಪಿಗೆ ಮೊದಲ ಮಾತ್ರೆ ರಾಮಿಪ್ರಿಲ್ ಜಾತಿಯದು ಅಥವಾ ಟೆಲ್ಮಿಸಾರ್ಟನ್ ಜಾತಿಯದು. ಎರಡೂ ಒಟ್ಟಿಗೆ ಬೇಡ. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಒಟ್ಟಿಗೆ ಕೊಟ್ಟಿದ್ದರಿಂದ ಲಾಭ ಹೆಚ್ಚಲಿಲ್ಲ, ತೊಂದರೆ ಹೆಚ್ಚಿತು. ಗರ್ಭಿಣಿಯರಿಗೆ ಇವೆರಡೂ ನಿಷಿದ್ಧ, ಹಾಗಾಗಿ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳನ್ನು ಕೇಳದೆ ಬರೆಯಬೇಡಿ. ಶುರುಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿ. ಮಾತ್ರೆಯ ಪ್ರಮಾಣ ಏರಿಸಿದಾಗಲೂ ಅಷ್ಟೇ.

ಕೇಳಿದವರು: ಕ್ರಿಯಾಟಿನಿನ್ 1.1 ಇದ್ದದ್ದು ಎರಡು ವಾರಕ್ಕೆ 1.4 ಆದರೆ ನಿಲ್ಲಿಸಬೇಕಾ ಸರ್?

ಕಿಡ್ನಿ ವಿಭಾಗದಿಂದ: ಬೇಡ. ಅದು ಶೇ. 27 ಏರಿಕೆ, 30ರವರೆಗೆ ತಡೆದುಕೊಳ್ಳಬಹುದು. ಕಿಡ್ನಿಯ ಸೋಸುಗಗಳ ಮೇಲಿನ ಒತ್ತಡ ಇಳಿದದ್ದಕ್ಕೆ ಹಾಗೆ ಏರುತ್ತದೆ, ಮುಂದೆ ಕಾಪಾಡುವುದೂ ಆ ಇಳಿತವೇ. ಹೆದರಿ ನಿಲ್ಲಿಸಿದರೆ ರೋಗಿಗೆ ನಷ್ಟ. 1.6 ಆಯಿತು ಅನ್ನಿ, ಆಗ ನಿಲ್ಲಿಸಿ ಕಾರಣ ಹುಡುಕಿ: ವಾಂತಿಭೇದಿ, ನೋವಿನ ಮಾತ್ರೆ, ಅತಿಯಾದ ನೀರಿಳಿಸುವ ಮಾತ್ರೆ, ಕಿಡ್ನಿಯ ರಕ್ತನಾಳ ಕಿರಿದಾಗಿರುವುದು. ಪೊಟ್ಯಾಸಿಯಂ 5.5 ದಾಟಿದರೂ ಸುಮ್ಮನಿರಬಾರದು, ಆದರೆ ರಕ್ತ ತೆಗೆದು ತಡವಾಗಿ ಲ್ಯಾಬಿಗೆ ಹೋದ ಸ್ಯಾಂಪಲ್ಲಾ ಅಂತ ಮೊದಲು ವಿಚಾರಿಸಿ.

ಶುಗರ್ ಮಾತ್ರೆಗಳನ್ನೂ ಇಜಿಎಫ್‌ಆರ್ ಎದುರಿಗಿಟ್ಟುಕೊಂಡೇ ಬರೆಯಿರಿ. ಇಜಿಎಫ್‌ಆರ್ 45ಕ್ಕಿಂತ ಕಡಿಮೆಯಾದರೆ ಮೆಟ್‌ಫಾರ್ಮಿನ್ ಅರ್ಧಕ್ಕೆ ಇಳಿಸಿ, 30ಕ್ಕಿಂತ ಕೆಳಗೆ ಬೇಡವೇ ಬೇಡ. ಶುಗರನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎರಡೂ ಕಡೆ ಕೆಲಸ ಮಾಡುತ್ತವೆ: ಕಿಡ್ನಿ, ಹೃದಯ ಕಾಯುತ್ತವೆ, ಬಿಪಿಯನ್ನೂ ಸ್ವಲ್ಪ ಇಳಿಸುತ್ತವೆ. ಗುಪ್ತಾಂಗದ ಫಂಗಸ್ ಸೋಂಕಿನ ಬಗ್ಗೆ ಬಾಯಿಬಿಟ್ಟು ಹೇಳಿ, ಸಂಕೋಚಪಟ್ಟರೆ ರೋಗಿ ತಾನಾಗಿ ನಿಲ್ಲಿಸಿಬಿಡುತ್ತಾರೆ. ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಶುಗರ್ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವುದು) ಬರಬಹುದು.

ಒಂದು ಎಚ್ಚರಿಕೆ. ವರ್ಷಗಟ್ಟಲೆ ಬಗ್ಗದ ಶುಗರ್ ಅದೇ ಮಾತ್ರೆ, ಅದೇ ಊಟದಲ್ಲಿ ತಾನಾಗಿ ಇಳಿಯತೊಡಗಿದರೆ ಖುಷಿಪಡಬೇಡಿ. ಕಿಡ್ನಿ ಸೋತಾಗ ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್ ಥರದವು ಮೈಯಲ್ಲೇ ಹೆಚ್ಚು ಹೊತ್ತು ಉಳಿಯುತ್ತವೆ. ಅವತ್ತೇ ಕ್ರಿಯಾಟಿನಿನ್ ಕಳಿಸಿ.

ನರ್ಸ್: ಡೋಸ್ ಏರಿಸುವ ಮುಂಚೆ ಮಾತ್ರೆಯ ಚೀಲ ತರಲು ಹೇಳಿ, ಟೇಬಲ್ ಮೇಲೆ ಸುರಿಸಿ ಎಣಿಸಿ. ತಿಂಗಳ ಮಾತ್ರೆಯಲ್ಲಿ ಅರ್ಧ ಉಳಿದಿರುತ್ತದೆ, ಇಲ್ಲವೇ ಒಂದೇ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಇರುತ್ತದೆ. ಬಿಪಿಗೆ ಎರಡು ಔಷಧ ಬೇಕಾದವರಿಗೆ ಎರಡೂ ಸೇರಿದ ಒಂದೇ ಮಾತ್ರೆ ಕೊಟ್ಟರೆ ಬಿಡುವುದು ಕಡಿಮೆ. ಬೆಳಿಗ್ಗೆಯೋ ರಾತ್ರಿಯೋ ಅಂತ ಕೇಳುತ್ತಾರೆ. ಮರೆಯದ ಹೊತ್ತಿಗೆ ತಗೊಳ್ಳಲಿ. ಅಟೆನಲಾಲ್ ಥರದ ಬಿಪಿ ಮಾತ್ರೆ ತಗೊಳ್ಳುವವರಿಗೆ ಶುಗರ್ ಇಳಿದಾಗ ಎದೆಬಡಿತ, ಕೈನಡುಕ ಗೊತ್ತಾಗದೆ ಹೋಗಬಹುದು, ಬೆವರು ಮಾತ್ರ ಬರುತ್ತದೆ. ಬೆವರಿದರೆ ಶುಗರ್ ನೋಡಿ, 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ತಗೊಂಡು 15 ನಿಮಿಷಕ್ಕೆ ಮತ್ತೆ ನೋಡಲು ಹೇಳಿಕೊಡಿ. ಪಾದ ನೋಡದೆ ಕಳಿಸಬೇಡಿ, ಬೆರಳ ಸಂದಿಯನ್ನೂ.

ಫಾರ್ಮಸಿಸ್ಟ್: ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಾರಾ ಕೇಳಿ. ಕೇಳದಿದ್ದರೆ ಹೇಳುವುದಿಲ್ಲ, ಅವರ ಲೆಕ್ಕದಲ್ಲಿ ಅದು ಔಷಧವೇ ಅಲ್ಲ. ಬಿಪಿ ಏರಿಸುತ್ತದೆ, ಟೆಲ್ಮಿಸಾರ್ಟನ್, ನೀರಿಳಿಸುವ ಮಾತ್ರೆ ಎರಡರ ಜೊತೆ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೆಡಬಹುದು. ‘ಕಡಿಮೆ ಸೋಡಿಯಂ ಉಪ್ಪು’ ಅಂತ ಮಾರುವುದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಸೋತವರಿಗೆ ಅಪಾಯ. ದಿನಕ್ಕೆ ಒಟ್ಟು 5 ಗ್ರಾಂ ಒಳಗೆ ಮಾಮೂಲಿ ಉಪ್ಪೇ ಸಾಕು. ಬಿಪಿ ಮಾತ್ರೆ ಆಮ್ಲೋಡಿಪಿನ್‌ನಿಂದ ಕಾಲು ಊದಿದರೆ ಅದಕ್ಕೆ ನೀರಿಳಿಸುವ ಮಾತ್ರೆ ಬರೆದು ಪ್ರಯೋಜನವಿಲ್ಲ, ಡೋಸ್ ಇಳಿಸಿ.

ವಾಂತಿಭೇದಿ ಆದ ದಿನಕ್ಕೊಂದು ಚೀಟಿ ಮೊದಲೇ ಕೊಟ್ಟಿಡಿ. ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್, ನೀರಿಳಿಸುವ ಮಾತ್ರೆ ಅವತ್ತು ಬೇಡ. ಸರಿಯಾಗಿ ಉಂಡು ಕುಡಿಯತೊಡಗಿ ಒಂದೆರಡು ದಿನವಾದ ಮೇಲೆ ಶುರು. ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಶುಗರ್ ನೋಡಿಕೊಂಡು ಡೋಸ್ ಬಗ್ಗೆ ಫೋನ್ ಮಾಡಲಿ.

ಫಿಸಿಷಿಯನ್: ವಯಸ್ಸಾದವರ ಪ್ರಶ್ನೆ ಉಳಿಯಿತು. ತಡೆದುಕೊಳ್ಳುವವರಿಗೆ 130/80ರ ಒಳಗೆ, ಎಚ್‌ಬಿಎ1ಸಿ 7ರ ಸುತ್ತ. ಬಳಲಿದವರಿಗೆ, ಬೀಳುವವರಿಗೆ 140/90 ಸಾಕು, ಎಚ್‌ಬಿಎ1ಸಿ 8ರವರೆಗೆ ಬಿಡಿ. ಸ್ವಲ್ಪ ಇಳಿಸಿದ್ದೂ ವ್ಯರ್ಥವಲ್ಲ: ಶುಗರ್ ಇದ್ದವರ ಮೇಲೆ ಬ್ರಿಟನ್ನಿನಲ್ಲಿ ನಡೆದ 1998ರ ಯುಕೆಪಿಡಿಎಸ್ ಅಧ್ಯಯನದಲ್ಲಿ ಒಂದು ಗುಂಪಿನ ಸರಾಸರಿ ಬಿಪಿ 154/87, ಇನ್ನೊಂದರದ್ದು 144/82. ಅಷ್ಟು ವ್ಯತ್ಯಾಸಕ್ಕೇ ಪಾರ್ಶ್ವವಾಯು ಶೇ. 44 ಕಡಿಮೆಯಾಗಿತ್ತು. ನಿಂತಾಗಿನ ಬಿಪಿ ಬಿಡುವಷ್ಟೇ ಇಳಿಸಿ. ಮೂರು ಮಾತ್ರೆ ಪೂರ್ತಿ ಡೋಸ್‌ನಲ್ಲಿ, ಅದರಲ್ಲೊಂದು ನೀರಿಳಿಸುವುದು, ತಪ್ಪದೆ ತಗೊಂಡೂ ಬಗ್ಗದಿದ್ದರೆ ಗೊರಕೆ, ಹಗಲು ನಿದ್ದೆ (ನಿದ್ದೆಯಲ್ಲಿ ಉಸಿರು ಕಟ್ಟುವುದರ ಸುಳಿವು) ವಿಚಾರಿಸಿ, ಬಿಪಿ ಏರಿಸುವ ಹಾರ್ಮೋನ್ ಆಲ್ಡೋಸ್ಟೆರಾನ್ ಪರೀಕ್ಷೆಗೆ ಕಳಿಸಿ.